ಋತುವಿಗೊಂದು ಉಡುಪು

ಬೇಸಗೆಯಲ್ಲಿ ಜಪಾನಿನ ನಾರಾ ನಗರಕ್ಕೆ ಹೋದವರು ಅಲ್ಲಿನ ಸೀಕಾ ಜಿಂಕೆಯ ಕೆಂಗಂದು ಮೈಮೇಲಿನ ಬಿಳಿಯ ಚುಕ್ಕೆಗಳನ್ನು ಕಂಡು ಬೆರಗಾಗುತ್ತಾರೆ. ಚಳಿಗಾಲದಲ್ಲಿ ಹೋದವರಿಗೆ ಕಾಣುವುದು ಚುಕ್ಕೆ ಮಾಸಿದ, ಬೂದುಗಂದು ಬಣ್ಣದ ಜಿಂಕೆ. ಎರಡೂ ಒಂದೇ ಪ್ರಾಣಿ!

ಕೂದಲು ತಾನಾಗಿ ಬಣ್ಣ ಬದಲಿಸುವುದಿಲ್ಲ. ಹಳೆಯದು ಉದುರಿ ಹೊಸದು ಮೂಡುತ್ತದೆ. ಎಲೆಗಳ ನಡುವೆ ಸೋರುವ ಬಿಸಿಲಿನಲ್ಲಿ ಚುಕ್ಕೆಗಳು ಮೈಯನ್ನು ಮರೆಸುತ್ತವೆ. ಎಲೆಯುದುರಿದ ಕಾಡಿಗೆ ಬೂದುಗಂದೇ ಲೇಸು. ಚಳಿಗಾಲದ ತುಪ್ಪಳು ದಟ್ಟವೂ ಹೌದು, ಬೆಚ್ಚಗೂ ಹೌದು.

ಈ ಉಡುಪಿನ ಕಾಲವನ್ನು ನಿರ್ಧರಿಸುವುದು ಮುಖ್ಯವಾಗಿ ಚಳಿಯಲ್ಲ, ಹಗಲಿನ ಉದ್ದ. ಇರುಳು ಬೆಳೆದಂತೆ ಮಿದುಳಿನ ಪೀನಿಯಲ್ ಗ್ರಂಥಿ ಹೆಚ್ಚು ಹೊತ್ತು ಮೆಲಟೋನಿನ್ ಸ್ರವಿಸುತ್ತದೆ. ಅದೇ ಚಳಿಗಾಲದ ಮುನ್ಸೂಚನೆ. ಹಿಮ ಬಿದ್ದಮೇಲೆ ಕಂಬಳಿ ನೇಯಲು ಕುಳಿತರೆ ಜೀವ ಉಳಿದೀತೆ? ಆದುದರಿಂದಲೇ ಶರತ್ಕಾಲದಲ್ಲಿಯೇ ಜಿಂಕೆಯ ಸಿದ್ಧತೆ ಮುಗಿದಿರುತ್ತದೆ.