ಮಡಿಕೇರಿಯಲ್ಲಿ ಹುಡುಕು, ಮದರಾಸಿನಲ್ಲಿ ಸಿಕ್ಕೀತು

ಮಡಿಕೇರಿಯ ಕಾಲೇಜೊಂದರಲ್ಲಿ ಇತಿಹಾಸ ಓದುವ ವಿದ್ಯಾರ್ಥಿಯೊಬ್ಬ 1837ರ ಅಮರ ಸುಳ್ಯ ದಂಗೆಯ ಬಗೆಗೆ ಪ್ರಬಂಧ ಬರೆಯಲು ಹೊರಟಿದ್ದಾನೆ ಎಂದಿಟ್ಟುಕೊಳ್ಳೋಣ. ಗ್ರಂಥಾಲಯಕ್ಕೆ ಹೋಗಿ ‘ಕೊಡಗು’ ಎಂದು ಹುಡುಕುತ್ತಾನೆ. ನಾಲ್ಕು ಪುಸ್ತಕ ಸಿಗುತ್ತವೆ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಕಥೆ, ಒಂದೇ ಮಾತು. ‘ಇಷ್ಟೇ ಇರುವುದು’ ಎಂದು ಅವನು ಪುಸ್ತಕ ಮುಚ್ಚುತ್ತಾನೆ. ನಿಜವಾಗಿ ನೋಡಿದರೆ ಅವನ ಕೆಲಸ ಆರಂಭವಾಗಬೇಕಾದದ್ದೇ ಅಲ್ಲಿಂದ.

ಮೊದಲ ತೊಡಕು ಹೆಸರಿನದು. ನಾವು ‘ಅಮರ ಸುಳ್ಯ ಸ್ವಾತಂತ್ರ್ಯ ಸಮರ’ ಎನ್ನುವುದನ್ನು ಬ್ರಿಟಿಷ್ ಅಧಿಕಾರಿಗಳು ‘ಕೂರ್ಗ್ ರೆಬೆಲಿಯನ್’ ಎಂದೋ ‘ಕೆನರಾ ಇನ್ಸರೆಕ್ಷನ್’ ಎಂದೋ ಬರೆದರು. ದಕ್ಷಿಣ ಕನ್ನಡದ ಜನರ ಬಾಯಲ್ಲಿ ಅದು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಆಗಿತ್ತು. ಒಂದು ಹೆಸರು ಹಿಡಿದು ಹುಡುಕಿದವನಿಗೆ ಉಳಿದವು ಕಾಣುವುದಿಲ್ಲ. ಊರುಗಳ ಪಾಡೂ ಇದೇ. ಹಳೆಯ ಕಡತಗಳಲ್ಲಿ ಮಡಿಕೇರಿ ಎಂದರೆ ‘ಮರ್ಕೆರಾ’, ಕುಶಾಲನಗರ ಎಂದರೆ ‘ಫ್ರೇಜರ್‌ಪೇಟೆ’. ಆದ್ದರಿಂದ ಗ್ರಂಥಾಲಯದ ಸೂಚಿಯ ಮುಂದೆ ನಿಲ್ಲುವ ಮುನ್ನ ಒಂದು ವಿಷಯಕ್ಕೆ ಇದ್ದಿರಬಹುದಾದ ಹೆಸರುಗಳನ್ನೆಲ್ಲ ಹಾಳೆಯಲ್ಲಿ ಬರೆದುಕೊಳ್ಳುವುದು ಮೇಲು.

ಎರಡನೆಯದು ಕಪಾಟಿನ ತೊಡಕು. ನಮ್ಮ ಬಹುತೇಕ ಕಾಲೇಜುಗಳು ಅನುಸರಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕರ್ನಾಟಕದ ಇತಿಹಾಸಕ್ಕೆ 954.87 ಎಂಬ ಸಂಖ್ಯೆ ಉಂಟು. ಆದರೆ ಕೊಡಗೆಂಬುದು ಆ ಒಂದೇ ಕಪಾಟಿನಲ್ಲಿ ಕುಳಿತಿರುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ ಜಾನಪದದ ಸಾಲಿನಲ್ಲಿರುತ್ತದೆ. ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥ ಸಮಾಜಶಾಸ್ತ್ರದಲ್ಲಿರುತ್ತದೆ. ಲೂಯಿ ರೈಸ್ ಸಂಪಾದಿಸಿದ ಕೊಡಗಿನ ಶಾಸನಗಳ ಸಂಪುಟ (1886, ಪರಿಷ್ಕೃತ ಮುದ್ರಣ 1914) ಪರಾಮರ್ಶನ ವಿಭಾಗದ ಮೂಲೆಯಲ್ಲಿರಬಹುದು. ಓದುಗನ ಸಮಯ ಉಳಿಸಬೇಕೆಂಬುದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ವಿಧಿಸಿದ ಪಂಚಸೂತ್ರಗಳಲ್ಲಿ ಒಂದು. ಆ ಸೂತ್ರಕ್ಕೆ ಜೀವ ತುಂಬುವವರು ಗ್ರಂಥಪಾಲಕರು. ಅವರನ್ನು ಕೇಳಲು ನಮ್ಮ ಹುಡುಗರು ಸಂಕೋಚಪಡುವುದೇ ಹೆಚ್ಚು.

ಇನ್ನು ಆ ನಾಲ್ಕು ಪುಸ್ತಕಗಳು ಒಂದೇ ಮಾತು ಹೇಳುವುದೇಕೆ? ದಂಗೆ ನಡೆದ 18 ವರ್ಷಗಳ ನಂತರ, 1855ರಲ್ಲಿ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿನ ಬಗೆಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. 1870ರಲ್ಲಿ ರಿಕ್ಟರ್ ಬರೆದ ಕೈಪಿಡಿ, 1878ರಲ್ಲಿ ರೈಸ್ ಹೊರತಂದ ಗೆಜೆಟಿಯರ್ ಆ ಬಳಿಕ ಬಂದವು. ಹಿಂದಿನವರು ಬರೆದದ್ದನ್ನು ಮುಂದಿನವರು ಎತ್ತಿಕೊಳ್ಳುತ್ತ ಹೋದಾಗ ನಾಲ್ಕು ಸಾಕ್ಷಿಗಳಂತೆ ಕಾಣುವುದು ವಾಸ್ತವದಲ್ಲಿ ಒಂದೇ ಸಾಕ್ಷಿಯಾಗಿರಬಹುದು. ಯಾರು ಯಾರಿಂದ ಪಡೆದರೆಂದು ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ನಡೆಯುವುದೇ ಸಂಶೋಧನೆಯ ಮೊದಲ ಪಾಠ.

ಹಾಗೆ ನಡೆದರೆ ಮೂಲ ಕಾಗದಗಳು ಎಲ್ಲಿ ಸಿಕ್ಕಾವು? ಇಲ್ಲಿ ನೆರವಿಗೆ ಬರುವುದು ಒಂದು ಸರಳ ಪ್ರಶ್ನೆ: ಆಗ ಆ ನೆಲವನ್ನು ಆಳುತ್ತಿದ್ದವರು ಯಾರು? 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡಿತು. ಮೇಲಿನ ಕೊಡಗಿನ ಆಡಳಿತ ಬೆಂಗಳೂರಿನಲ್ಲಿದ್ದ ಮೈಸೂರು ಕಮಿಷನರ್ ಕೈಗೆ ಹೋಯಿತು. ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಕೆನರಾ ಮದರಾಸು ಪ್ರಾಂತದ್ದು. ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ತರಬೇಕಾಯಿತು. ದಂಗೆಗೆ ಮುಖ್ಯ ಕಾರಣಗಳಲ್ಲಿ ಇದೊಂದು. ಆ ರೈತನ ಅಳಲು ದಾಖಲಾಗಿದ್ದರೆ ಅದು ಕೆನರಾದ ಕಂದಾಯ ಪತ್ರವ್ಯವಹಾರದಲ್ಲಿ, ಎಂದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಇರಬೇಕು. ಮೇಲಿನ ಕೊಡಗಿನ ಕಾಗದಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ, ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಕಡತಗಳಲ್ಲಿ ಅರಸಬೇಕು. ಒಂದೇ ಘಟನೆಯ ಕಾಗದಗಳು ಘಟ್ಟದ ಎರಡು ಮಗ್ಗುಲಿಗೆ ಹರಿದ ನೀರಿನಂತೆ ಬೇರೆ ಬೇರೆ ಕಡಲು ಸೇರಿವೆ.

ಅಷ್ಟು ದೂರ ಹೋಗಲು ಎಲ್ಲರಿಗೂ ಸಾಧ್ಯವಿಲ್ಲ, ನಿಜ. ಆದರೆ ಇಂದು ಕಾಲೇಜಿನ ಗ್ರಂಥಾಲಯವೇ ಹಲವು ಬಾಗಿಲು ತೆರೆಯಬಲ್ಲದು. ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳನ್ನು ಉಚಿತವಾಗಿ ಓದಬಹುದು. ಅದೇ ಕೇಂದ್ರದ ‘ಎನ್-ಲಿಸ್ಟ್’ ಯೋಜನೆಗೆ ಸೇರಿದ ಕಾಲೇಜಾದರೆ ವಿದ್ವತ್ ಪತ್ರಿಕೆಗಳೂ ಲಭ್ಯ. ಅದರ ಗುಪ್ತಪದ ಗ್ರಂಥಪಾಲಕರ ಮೂಲಕ ದೊರೆಯುತ್ತದೆ. ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಕಡತಗಳ ಸೂಚಿಯನ್ನೂ ಅನೇಕ ಕಡತಗಳನ್ನೂ ಮನೆಯಿಂದಲೇ ನೋಡಬಹುದು. ಪತ್ರಾಗಾರಕ್ಕೆ ಖುದ್ದಾಗಿ ಹೋಗುವವರು ಇಲಾಖೆ, ದಿನಾಂಕ, ಸಂಖ್ಯೆ ಈ ಮೂರನ್ನೂ ಬರೆದುಕೊಂಡು, ಪ್ರಾಂಶುಪಾಲರ ಪತ್ರದೊಂದಿಗೆ ಹೋಗಬೇಕು. ಬರಿಗೈಯಲ್ಲಿ ಹೋದವರು ಬರಿಗೈಯಲ್ಲೇ ಮರಳುವುದುಂಟು.

ಇಷ್ಟೆಲ್ಲ ಯಾತನೆ ಏಕೆ ಎಂದು ಕೇಳಬಹುದು. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ದಂಗೆಯಲ್ಲಿ ಕಂಪನಿಯ ಪರ ನಿಂತ ಕೊಡಗಿನವರಿಗೆ ಪದಕಗಳು ದೊರೆತವು. ಎರಡೂ ಪಕ್ಷದವರ ಮಕ್ಕಳು ಮೊಮ್ಮಕ್ಕಳು ಇದೇ ಜಿಲ್ಲೆಯಲ್ಲಿ ನೆರೆಹೊರೆಯವರಾಗಿ ಬಾಳಿದ್ದಾರೆ. ಗೆದ್ದವರ ಕಡತ ಅವರನ್ನು ದಂಗೆಕೋರರೆಂದಿತು. ನಾವು ಹುತಾತ್ಮರೆಂದೆವು. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆಯೂ ನಿಂತಿತು. ನಿರಂಜನರ ‘ಕಲ್ಯಾಣಸ್ವಾಮಿ’ ಕಾದಂಬರಿ ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಕಾದಂಬರಿ, ಪ್ರತಿಮೆ, ಹಿರಿಯರ ನೆನಪು ಎಲ್ಲವೂ ಬೇಕು. ಆದರೆ ಅವು ಪ್ರಶ್ನೆ ಎತ್ತಬಲ್ಲವೇ ಹೊರತು ಉತ್ತರಕ್ಕೆ ಪುರಾವೆ ಒದಗಿಸಲಾರವು. ಗಲ್ಲಿಗೇರಿದವನ ವಿಚಾರಣೆಯಲ್ಲಿ ಯಾರು ಏನು ನುಡಿದರು ಎಂಬುದನ್ನು ಕಾಗದದಲ್ಲೇ ಹುಡುಕಬೇಕು. ಆ ಕಾಗದ ಬರೆದವನು ಅವನ ಶತ್ರು ಎಂಬುದನ್ನೂ ಮರೆಯಬಾರದು.

ಆದ್ದರಿಂದ ಆ ವಿದ್ಯಾರ್ಥಿಗೆ ಹೇಳಬೇಕಾದದ್ದು ಇಷ್ಟೆ: ನಾಲ್ಕನೆಯ ಪುಸ್ತಕ ಮುಚ್ಚುವ ಮುನ್ನ ಅದರ ಕೊನೆಯ ಪುಟಗಳನ್ನು ತಿರುವಿ ನೋಡಪ್ಪ. ಸಣ್ಣ ಅಕ್ಷರದ ಆ ಅಡಿಟಿಪ್ಪಣಿಗಳಲ್ಲಿ ಐದನೆಯ ಪುಸ್ತಕಕ್ಕೆ ದಾರಿ ಇದೆ. ಅದನ್ನು ಬಹುಶಃ ನೀನೇ ಬರೆಯಬೇಕಾದೀತು.