ಮಾಮೂ ಅವರ ಬೆರಳು ಮತ್ತು ಒಂದು ಜೊತೆ ಕೈಗವಸು

ಡೆಬಿಟ್, ಕ್ರೆಡಿಟ್ ಬರೆಯುವ ಹುಡುಗಿ ಮೀನಿನ ತೊಟ್ಟಿಯ ಬಗ್ಗೆ ಯಾಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವಳು. ವಿಜ್ಞಾನವನ್ನು ಹತ್ತನೇ ತರಗತಿಗೇ ಬಿಟ್ಟವಳು. ಆದರೂ ಬರೆಯಲು ಕಾರಣ ನನ್ನ ಮಾಮೂ ಅವರ ಬಲಗೈಯ ತೋರುಬೆರಳು. ಆ ಒಂದು ಬೆರಳು ಎಂಟು ತಿಂಗಳು ನಮ್ಮ ಮನೆಯವರನ್ನೆಲ್ಲ ಚಿಂತೆಗೆ ಹಚ್ಚಿತ್ತು. ಐದು ನಿಮಿಷ ಕೈಗವಸು ಹಾಕಿಕೊಂಡಿದ್ದರೆ ಬಹುಶಃ ಇದ್ಯಾವುದೂ ಆಗುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹವಳದ ತೊಟ್ಟಿ ಇರದಿರಬಹುದು. ಆದರೆ ಗಪ್ಪಿ, ಗೋಲ್ಡ್ ಫಿಶ್ ಸಾಕಿದ್ದರೂ ಈ ಲೇಖನ ನಿಮಗೆ ಸಂಬಂಧಿಸಿದ್ದೇ.

ಹವಳದ ತೊಟ್ಟಿ ಎಂದರೇನು?

ಮಾಮೂ ಹನ್ನೆರಡು ವರ್ಷ ಜಿದ್ದಾದಲ್ಲಿ ಕೆಲಸ ಮಾಡಿದವರು. ಅಲ್ಲಿ ಕೆಂಪು ಸಮುದ್ರದ ಹವಳದ ದಿಬ್ಬಗಳನ್ನು ನೋಡಿ ಮನಸೋತರು. ಬೆಂಗಳೂರಿಗೆ ಮರಳಿ ಕೈಗಡಿಯಾರ ರಿಪೇರಿ ಅಂಗಡಿ ಇಟ್ಟ ಮೇಲೆ, ಮನೆಯ ಹಜಾರದಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ ಮಾಡಿಸಿದರು. ಸಮುದ್ರ ಇಲ್ಲಿಂದ ಸುಮಾರು 350 ಕಿಲೋಮೀಟರ್ ದೂರ. ಹಾಗಾಗಿ ಸಮುದ್ರದ ನೀರನ್ನು ಮನೆಯಲ್ಲೇ ತಯಾರಿಸಬೇಕು. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅದಕ್ಕೆಂದೇ ಸಿಗುವ ಉಪ್ಪಿನ ಪುಡಿ ಬೆರೆಸುತ್ತಾರೆ. ನೀರಿನ ಶಾಖ 25ರಿಂದ 26 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳುತ್ತಾರೆ. ರಂಧ್ರಗಳಿಂದ ತುಂಬಿದ ಬಂಡೆಗಳನ್ನು ಒಳಗಿಡುತ್ತಾರೆ. ಆ ರಂಧ್ರಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳೇ ಮೀನಿನ ತ್ಯಾಜ್ಯದಲ್ಲಿರುವ ಅಮೋನಿಯಾವನ್ನು ಪರಿವರ್ತಿಸಿ ನೀರನ್ನು ಶುದ್ಧವಾಗಿಡುತ್ತವೆ.

ಹವಳವನ್ನು ನಮ್ಮ ಮನೆಯಲ್ಲಿ ಮೂಂಗಾ ಎನ್ನುತ್ತೇವೆ. ಸೂರಃ ರಹಮಾನ್‌ನಲ್ಲಿ ಬರುವ ‘ಮರ್ಜಾನ್’ ಎಂಬ ಪದಕ್ಕೂ ಅದೇ ಅರ್ಥ. ಉಂಗುರದಲ್ಲಿ ನೋಡಿದ್ದರಿಂದ ಅದನ್ನು ಕಲ್ಲು ಎಂದೇ ನಾನು ತಿಳಿದಿದ್ದೆ. ಹವಳ ಪ್ರಾಣಿ ಎಂದು ಗೊತ್ತಾದದ್ದು ಮಾಮೂ ಮನೆಯಲ್ಲಿ. ಸಣ್ಣ ಸಣ್ಣ ಬಾಯಿಗಳಿರುವ ಸಾವಿರಾರು ಜೀವಿಗಳು ಗುಂಪಾಗಿ ಬದುಕುತ್ತವೆ. ಅವುಗಳಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಬಳಿ ಹವಳಗಳಿವೆ, ಆದರೆ ಅಲ್ಲಿಂದ ಕಿತ್ತು ತರುವಂತಿಲ್ಲ. ಮಾಮೂ ತೊಟ್ಟಿಯಲ್ಲಿರುವುದು ಮೃದು ಹವಳಗಳು ಮತ್ತು ಗುಂಡಿಯಂತೆ ಕಾಣುವ ಜೋವಾಂಥಿಡ್‌ಗಳು ಮಾತ್ರ.

ಒಂದು ಸಣ್ಣ ಗೀರು

ಒಂದು ಭಾನುವಾರ ಮಾಮೂ ಪಾಚಿ ತೆಗೆಯಲು ಬಂಡೆಯೊಂದನ್ನು ಎತ್ತಿದಾಗ ಬೆರಳಿಗೆ ಸಣ್ಣ ಗೀರು ಬಿತ್ತು. ರಕ್ತವೂ ಸರಿಯಾಗಿ ಬರಲಿಲ್ಲ. ಮುಮಾನಿ “ಗ್ಲೌಸ್ ಹಾಕ್ಕೊಳ್ಳಬಾರದಾ?” ಎಂದರು. ಮಾಮೂ ನಕ್ಕು, “ದಿನಕ್ಕೆ ಐದು ಹೊತ್ತು ವುಜೂ ಮಾಡೋ ಕೈ ಇದು, ಏನಾಗತ್ತೆ?” ಎಂದರು. ಸಾಬೂನಿನಿಂದ ಕೈ ತೊಳೆದು ಮರೆತುಬಿಟ್ಟರು.

ಮೂರು ವಾರದ ನಂತರ ಅದೇ ಜಾಗದಲ್ಲಿ ಕೆಂಪು ಗಂಟು ಎದ್ದಿತು. ನೋವು ಹೆಚ್ಚಿರಲಿಲ್ಲ. ಮುಲಾಮು ಹಚ್ಚಿದರು. ವೈದ್ಯರು ಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ಎರಡು ಬಾರಿ ಮುಗಿಸಿದರು. ಗಂಟು ಹೋಗಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಅಂಗೈಯ ಹಿಂಭಾಗದಲ್ಲಿ ಇನ್ನೊಂದು, ಮಣಿಕಟ್ಟಿನ ಬಳಿ ಮತ್ತೊಂದು ಗಂಟು ಸಾಲಾಗಿ ಎದ್ದವು. ಬೆರಳು ಮಡಚಲು ಬರದಾಯಿತು. ಗಡಿಯಾರ ರಿಪೇರಿ ಮಾಡುವವರಿಗೆ ಚಿಮಟ ಹಿಡಿಯುವ ಬೆರಳು ಮಡಚದಿದ್ದರೆ ಅಂಗಡಿ ತೆರೆದೂ ಪ್ರಯೋಜನವಿಲ್ಲ. ಅಮ್ಮಿ ನಮಾಜಿನ ನಂತರ ಬಹಳ ಹೊತ್ತು ದುಆ ಮಾಡುವುದನ್ನು ಆ ದಿನಗಳಲ್ಲಿ ನಾನು ನೋಡಿದೆ. ಅದು ಕ್ಯಾನ್ಸರ್ ಇರಬಹುದು ಎಂಬ ಭಯ ಎಲ್ಲರಿಗೂ ಇತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕೊನೆಗೆ ಚರ್ಮರೋಗ ತಜ್ಞರೊಬ್ಬರು ಕೈಯನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಮನೆಯಲ್ಲಿ ಮೀನು ಸಾಕಿದ್ದೀರಾ?” ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ, ಮಾಮೂ ಕೂಡ ಹೇಳಿರಲಿಲ್ಲ.

ಕಾರಣ ಏನು?

ಈ ಕಾಯಿಲೆಗೆ ಕಾರಣ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ. ಇದು ಕ್ಷಯ ಮತ್ತು ಕುಷ್ಠ ರೋಗಗಳ ಬ್ಯಾಕ್ಟೀರಿಯಾಗಳ ಬಂಧು. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮೀನಾಲಯದಲ್ಲಿ ಸತ್ತ ಮೀನುಗಳಲ್ಲಿ ಇದನ್ನು ಗುರುತಿಸಿದರು. ಉಪ್ಪು ನೀರು, ಸಿಹಿ ನೀರು ಎರಡರಲ್ಲೂ ಇದು ಬದುಕುತ್ತದೆ. ಗಟ್ಟಿ ಚರ್ಮದ ಮೂಲಕ ಒಳಗೆ ಹೋಗಲು ಇದಕ್ಕೆ ಆಗುವುದಿಲ್ಲ, ಗೀರು ಬೇಕು. ಒಳಗೆ ಹೋದ ಮೇಲೆ ನಿಧಾನವಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಹಲವು ತಿಂಗಳಾದ ಮೇಲೆ ಗಂಟು ಕಾಣಿಸುತ್ತದೆ. ಅಷ್ಟರಲ್ಲಿ ಗೀರು ಬಿದ್ದದ್ದೇ ನಮಗೆ ಮರೆತಿರುತ್ತದೆ.

ಇದಕ್ಕೆ ಇಷ್ಟವಾದ ಶಾಖ ಸುಮಾರು 30 ಡಿಗ್ರಿ. ನಮ್ಮ ದೇಹದ ಒಳಗಿನ 37 ಡಿಗ್ರಿ ಇದಕ್ಕೆ ಹೆಚ್ಚು. ಆದ್ದರಿಂದ ಹೆಚ್ಚಾಗಿ ತಂಪಾಗಿರುವ ಕೈ ಬೆರಳುಗಳಲ್ಲೇ ಉಳಿಯುತ್ತದೆ, ದುಗ್ಧನಾಳಗಳ ದಾರಿಯಲ್ಲಿ ತೋಳಿನ ಕಡೆ ಏರುತ್ತದೆ. ಪ್ರಯೋಗಾಲಯದಲ್ಲಿಯೂ ಎಂದಿನಂತೆ 37 ಡಿಗ್ರಿಯಲ್ಲಿಟ್ಟರೆ ಇದು ಬೆಳೆಯದೇ ಇರಬಹುದು, 30 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು. ವೈದ್ಯರಿಗೆ ಮೀನಿನ ತೊಟ್ಟಿಯ ವಿಷಯ ಗೊತ್ತಿದ್ದರೆ ಮಾತ್ರ ಅವರು ಹಾಗೆ ಬರೆದು ಕಳುಹಿಸುತ್ತಾರೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ವಾಸಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಮಾತ್ರೆ ಬೇಕು. ಮಾಮೂ ಐದು ತಿಂಗಳು ತೆಗೆದುಕೊಂಡರು.

ಈಗ ಮಾಮೂ ಹೇಳಿದ ವುಜೂ ಮಾತಿಗೆ ಬರೋಣ. ಕೈ ತೊಳೆಯುವುದು ಬಹಳ ಒಳ್ಳೆಯದು, ಬಿಡಬಾರದು. ಆದರೆ ತೊಳೆಯುವುದರಿಂದ ಚರ್ಮದ ಮೇಲಿನದು ಹೋಗುತ್ತದೆ. ಕೈ ನೀರಿನಲ್ಲಿದ್ದಾಗಲೇ ಗೀರಿನೊಳಗೆ ಇಳಿದದ್ದು ಪೂರ್ತಿ ಹೋಗುತ್ತದೆ ಎಂದು ಹೇಳಲಾಗದು. ಕೈಗವಸು ತಡೆಯುವುದು ಆ ಗೀರನ್ನು. ತೊಳೆಯುವುದು ಕೆಲಸದ ನಂತರ, ಕೈಗವಸು ಕೆಲಸದ ಹೊತ್ತಿನಲ್ಲಿ. ಒಂದರ ಬದಲು ಇನ್ನೊಂದು ಆಗುವುದಿಲ್ಲ.

ತೊಟ್ಟಿಯೊಳಗಿನ ಬೇರೆ ಅಪಾಯಗಳು

ಹವಳಗಳಿಗೆ ಮತ್ತು ಸಮುದ್ರ ಹೂವುಗಳಿಗೆ ಕುಟುಕುವ ಕೋಶಗಳಿವೆ. ಕೆಲವರ ಚರ್ಮಕ್ಕೆ ತುರಿಕೆ, ಉರಿ ಬರುತ್ತದೆ. ಬಂಡೆಗಳ ಸಂದಿಯಲ್ಲಿ ಬಿರುಗೂದಲಿನ ಹುಳುಗಳಿರುತ್ತವೆ. ಮುಟ್ಟಿದರೆ ಅವುಗಳ ಕೂದಲು ಗಾಜಿನ ಎಳೆಯಂತೆ ಬೆರಳಿಗೆ ಚುಚ್ಚಿಕೊಳ್ಳುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಕೆಲವು ಜೋವಾಂಥಿಡ್‌ಗಳಲ್ಲಿರುವ ಪ್ಯಾಲಿಟಾಕ್ಸಿನ್ ಎಂಬ ವಿಷ. 1971ರಲ್ಲಿ ಹವಾಯಿಯ ವಿಜ್ಞಾನಿಗಳಾದ ರಿಚರ್ಡ್ ಮೂರ್ ಮತ್ತು ಪಾಲ್ ಶೋಯರ್ ಇದನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅನ್ನು ಒಳಗೆ ಹೊರಗೆ ಸಾಗಿಸುವ ಪಂಪ್ ಇರುತ್ತದೆ ಎಂದು ನಮ್ಮ ವಿಜ್ಞಾನ ವಿಭಾಗದ ಗೆಳತಿಯರು ಹೇಳುತ್ತಾರೆ. ಈ ವಿಷ ಆ ಪಂಪನ್ನು ತೆರೆದ ಬಾಗಿಲಿನಂತೆ ಮಾಡಿಬಿಡುತ್ತದೆ. ಗಾಯದ ಮೂಲಕ, ಕಣ್ಣಿಗೆ ಸಿಡಿಯುವುದರಿಂದ, ಆವಿಯನ್ನು ಉಸಿರಾಡುವುದರಿಂದ ಇದು ಒಳಗೆ ಸೇರಬಹುದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಹವಳದ ತೊಟ್ಟಿಯನ್ನು ಸ್ವಚ್ಛ ಮಾಡಿದ ನಂತರ ಮನೆಯವರೂ ನೆರವಿಗೆ ಬಂದವರೂ ಆಸ್ಪತ್ರೆ ಸೇರಬೇಕಾಯಿತು. ಆದ್ದರಿಂದ ಜೋವಾಂಥಿಡ್ ಇರುವ ಬಂಡೆಯನ್ನು ಎಂದಿಗೂ ಕುದಿಸಬಾರದು, ಬಿಸಿನೀರು ಹಾಕಿ ಉಜ್ಜಲೂಬಾರದು. ಅದನ್ನು ಕತ್ತರಿಸುವಾಗ ಕೈಗವಸಿನ ಜೊತೆ ಕಣ್ಣಿಗೆ ಕನ್ನಡಕವೂ ಬೇಕು.

ಕೈಗವಸು ನಮ್ಮನ್ನಷ್ಟೇ ಅಲ್ಲ, ತೊಟ್ಟಿಯನ್ನೂ ಕಾಪಾಡುತ್ತದೆ. ಕೈಗೆ ಹಚ್ಚಿದ ಕ್ರೀಮ್, ಸಾಬೂನು, ಸ್ಯಾನಿಟೈಸರ್, ಅತ್ತರು ಇವೆಲ್ಲ ನೀರಿಗೆ ಸೇರುವುದು ಹವಳಗಳಿಗೆ ಒಳ್ಳೆಯದಲ್ಲ. ಈದ್ ದಿನ ಅತ್ತರು ಹಚ್ಚಿದ ಕೈಯನ್ನು ನಾನು ತೊಟ್ಟಿಗೆ ಹಾಕಲು ಹೋದಾಗ ಮಾಮೂ ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಯಾವ ಕೈಗವಸು? ಹೇಗೆ ಹಾಕಬೇಕು?

ಔಷಧಿ ಅಂಗಡಿಯಲ್ಲಿ ಸಿಗುವ ಪುಡಿ ಇಲ್ಲದ ನೈಟ್ರೈಲ್ ಕೈಗವಸು ಸಣ್ಣ ಕೆಲಸಕ್ಕೆ ಸಾಕು. ಲ್ಯಾಟೆಕ್ಸ್ ಕೆಲವರಿಗೆ ಅಲರ್ಜಿ ಮಾಡುತ್ತದೆ. ಆದರೆ ಇವು ಮಣಿಕಟ್ಟಿನವರೆಗೆ ಮಾತ್ರ. ಕೈಯನ್ನು ಆಳಕ್ಕೆ ಇಳಿಸಿದರೆ ಮೇಲಿಂದ ನೀರು ತುಂಬಿ, ಕೈಗವಸೇ ತೊಟ್ಟಿ ನೀರಿನ ಚೀಲವಾಗುತ್ತದೆ. ಆಳದ ಕೆಲಸಕ್ಕೆ ಭುಜದವರೆಗೆ ಬರುವ ಉದ್ದ ಕೈಗವಸು ಬೇಕು. ಪಾತ್ರೆ ತೊಳೆಯುವ ದಪ್ಪ ರಬ್ಬರ್ ಕೈಗವಸೂ ಆಗುತ್ತದೆ, ಆದರೆ ಹೊಸದಿರಬೇಕು, ಅದನ್ನು ಅಡುಗೆಮನೆಗೆ ಒಯ್ಯಬಾರದು.

ಹಾಕುವ ಮೊದಲು ಒಳಗೆ ನೀರು ತುಂಬಿಸಿ ತೂತಿದೆಯೇ ನೋಡಿ. ಹೊರಭಾಗವನ್ನು ಬರಿಯ ನೀರಿನಲ್ಲಿ ತೊಳೆಯಿರಿ. ಉಂಗುರ, ಬಳೆ ತೆಗೆದಿಡಿ. ಕೆಲಸ ಮಾಡುವಾಗ ಮುಖ, ಕಣ್ಣು ಮುಟ್ಟಬೇಡಿ. ತೆಗೆಯುವಾಗ ಒಳಮೈ ಹೊರಗೆ ಬರುವಂತೆ ಮಗುಚಿ ತೆಗೆಯಿರಿ. ನಂತರ ಸಾಬೂನಿನಿಂದ ಕೈ ತೊಳೆಯಿರಿ. ಹರಿದದ್ದನ್ನು ಎಸೆಯಿರಿ.

ಕೈಗವಸು ಮಾಡದ ಕೆಲಸಗಳೂ ಇವೆ. ಚೂಪಾದ ಮುಳ್ಳನ್ನು ತೆಳ್ಳಗಿನ ಕೈಗವಸು ತಡೆಯುವುದಿಲ್ಲ. ಕರೆಂಟ್ ಶಾಕ್‌ನಿಂದ ಕಾಪಾಡುತ್ತದೆ ಎಂದು ನಂಬಲೇಬೇಡಿ. ಕೈ ಹಾಕುವ ಮೊದಲು ಹೀಟರ್, ಪಂಪ್‌ಗಳ ಪ್ಲಗ್ ತೆಗೆಯಿರಿ. ಕೈಯಲ್ಲಿ ಮೊದಲೇ ಗಾಯ ಇದ್ದರೆ ಅದು ಮಾಯುವವರೆಗೆ ಬೇರೆಯವರಿಗೆ ಕೆಲಸ ಒಪ್ಪಿಸಿ. ಪೈಪಿನಿಂದ ನೀರು ಹೊರತೆಗೆಯಲು ಬಾಯಿಯಿಂದ ಎಳೆಯಬೇಡಿ.

ನನ್ನ ಲೆಕ್ಕ

ಮಾಮೂ ಅಂಗಡಿಯ ಲೆಕ್ಕ ಬರೆಯುವುದು ನಾನೇ. ಒಂದು ದಿನ ಕುಳಿತು ಎರಡು ಕಾಲಂ ಮಾಡಿದೆ. ನೂರು ನೈಟ್ರೈಲ್ ಕೈಗವಸುಗಳ ಡಬ್ಬಿಗೆ 500 ರೂಪಾಯಿ, ಅಂದರೆ ಒಂದು ಜೊತೆಗೆ 10 ರೂಪಾಯಿ. ವಾರಕ್ಕೊಂದು ಜೊತೆಯಂತೆ ವರ್ಷಕ್ಕೆ 520. ಉದ್ದ ಕೈಗವಸು ಒಂದು ಜೊತೆ 700. ಒಟ್ಟು 1,220 ರೂಪಾಯಿ. ಇನ್ನೊಂದು ಕಾಲಂನಲ್ಲಿ ಪರೀಕ್ಷೆ, ಔಷಧಿ, ವೈದ್ಯರ ಫೀಸು 26,400. ನಿಂತುಹೋದ ರಿಪೇರಿ ಕೆಲಸದ ಆದಾಯ 41,000. ಒಟ್ಟು 67,400 ರೂಪಾಯಿ. ಅಂದರೆ 55 ವರ್ಷದ ಕೈಗವಸಿನ ಖರ್ಚು! ತೋರಿಸಿದಾಗ ಮಾಮೂ, “ಅಷ್ಟು ವರ್ಷ ತೊಟ್ಟಿನೂ ಇರಲ್ಲ, ನಾನೂ ಇರಲ್ಲ ಬೇಟಿ” ಎಂದು ನಕ್ಕರು. ಅಮ್ಮಿಯ ನಿದ್ದೆ ಕೆಟ್ಟ ರಾತ್ರಿಗಳನ್ನು ಯಾವ ಕಾಲಂನಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಈಗ ಗಂಟುಗಳು ಹೋಗಿವೆ. ಬೆರಳು ಮಡಚುತ್ತದೆ, ಆದರೆ ಮೊದಲಿನಷ್ಟು ಅಲ್ಲ. ಹೆಂಗಸರ ಚಿಕ್ಕ ಗಡಿಯಾರ ಬಂದರೆ ಮಾಮೂ ಅಂಗಡಿಯ ಹುಡುಗನ ಕೈಗೆ ಕೊಡುತ್ತಾರೆ. ತೊಟ್ಟಿಯನ್ನು ಮಾತ್ರ ಮಾರಲಿಲ್ಲ. ಅದರ ಪಕ್ಕದ ಗೋಡೆಗೆ ಮೊಳೆ ಹೊಡೆದು ಕೈಗವಸಿನ ಡಬ್ಬಿಯನ್ನು ನೇತುಹಾಕಿದ್ದಾರೆ. ಮೀನಿಗೆ ಆಹಾರ ಹಾಕಲು ಹೋದ ಮಕ್ಕಳಿಗೂ ಮೊದಲು ಆ ಡಬ್ಬಿಯನ್ನೇ ತೋರಿಸುತ್ತಾರೆ.

ನಿಮ್ಮಲ್ಲಿ ನನ್ನ ವಿನಂತಿ ಎರಡೇ. ಮನೆಯಲ್ಲಿ ಯಾವುದೇ ಮೀನಿನ ತೊಟ್ಟಿ ಇದ್ದರೂ ಬರಿಗೈಯಲ್ಲಿ ಸ್ವಚ್ಛ ಮಾಡಬೇಡಿ. ಮನೆಯವರ ಕೈಯಲ್ಲಿ ವಾರಗಳಾದರೂ ಹೋಗದ ಗಂಟು ಇದ್ದರೆ, ವೈದ್ಯರು ಕೇಳುವವರೆಗೆ ಕಾಯದೆ ನೀವೇ ಮೊದಲು ಹೇಳಿ: “ನಮ್ಮ ಮನೆಯಲ್ಲಿ ಮೀನು ಸಾಕಿದ್ದೇವೆ.”