ಲೆಕ್ಕದ ಪಾಠದಲ್ಲಿ ಹುಟ್ಟಿದ ಕ್ರಿಸ್ಮಸ್ ನಕ್ಷತ್ರ



ಡಿಸೆಂಬರ್ ಬಂತೆಂದರೆ ಪೇಟೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ನಕ್ಷತ್ರಗಳು ತೂಗಾಡತೊಡಗುತ್ತವೆ. ನೋಡೋಕೆ ಚೆನ್ನಾಗೇ ಇರುತ್ತವೆ. ಆದರೆ ಹಳೇ ಕಾಲದ ಕ್ರಿಸ್ಮಸ್ ನಕ್ಷತ್ರಗಳಲ್ಲಿ ತುಂಬ ಹೆಸರಾದದ್ದು ಕಾಗದದ್ದು. ಅದು ಹುಟ್ಟಿದ್ದು ಒಂದು ಶಾಲೆಯಲ್ಲಿ, ರೇಖಾಗಣಿತದ ಅಭ್ಯಾಸಕ್ಕಾಗಿ ಅಂದರೆ ನಂಬುತ್ತೀರಾ?

ಜರ್ಮನಿಯ ಪೂರ್ವಭಾಗದಲ್ಲಿ ಹೆರ್ನ್‌ಹುಟ್ ಎಂಬ ಊರಿದೆ. ಮೊರೇವಿಯಾ ಪ್ರಾಂತ್ಯದಿಂದ ಓಡಿಬಂದ ಕ್ರೈಸ್ತರು 1722ರಲ್ಲಿ ಅದನ್ನು ಕಟ್ಟಿದರು. ಅವರಿಗೆ ಮೊರೇವಿಯನ್ನರು ಅಂತ ಹೆಸರು. ಹತ್ತಿರದ ನೀಸ್ಕಿ ಎಂಬ ಊರಿನಲ್ಲಿ ಅವರದೇ ಗಂಡುಹುಡುಗರ ವಸತಿ ಶಾಲೆ ಇತ್ತು. 1830ರ ದಶಕದ ಹೊತ್ತಿಗೆ ಅಲ್ಲಿ ಘನಾಕೃತಿಗಳ ಪಾಠ ಕಲಿಸಲು ಮಕ್ಕಳ ಕೈಯಲ್ಲಿ ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ಮೊರೇವಿಯನ್ ಪಾದ್ರಿಗಳು 1730ರ ದಶಕದಿಂದಲೇ ಗ್ರೀನ್‌ಲ್ಯಾಂಡ್, ವೆಸ್ಟ್ ಇಂಡೀಸ್‌ನಂಥ ದೂರದೇಶಗಳಿಗೆ ಹೋಗುತ್ತಿದ್ದರು. ಅಂಥವರ ಮಕ್ಕಳು ವಸತಿ ಶಾಲೆಗಳಲ್ಲಿ ಉಳಿಯೋರು. ಹಬ್ಬಕ್ಕೆ ಅಪ್ಪ ಅಮ್ಮ ಬರೋ ಹಾಗಿಲ್ಲ, ಇವರು ಹೋಗೋ ಹಾಗೂ ಇಲ್ಲ. ಹಾಸ್ಟೆಲಿನಲ್ಲಿ ಇರೋ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅದೇ ಶಾಲೆಯಲ್ಲಿ ಓದಿದ್ದ ವರ್ಬೀಕ್ ಎಂಬುವರು ನಕ್ಷತ್ರ ಮಾಡಿ ಮಾರತೊಡಗಿದರು. ಹೆರ್ನ್‌ಹುಟ್‌ನಲ್ಲಿ ಇಂದಿಗೂ ಅದರ ಕಾರ್ಖಾನೆ ಇದೆ.

ಈಗ ಆ ನಕ್ಷತ್ರದ ಲೆಕ್ಕ ನೋಡೋಣ. ಒಳಗೊಂದು ಗುಂಡನೆಯ ಪೆಟ್ಟಿಗೆ ಇರುತ್ತೆ. ಅದಕ್ಕೆ 18 ಚೌಕ, 8 ತ್ರಿಕೋನ, ಒಟ್ಟು 26 ಮುಖಗಳು. ಮೇಲಿನ ಒಂದು ಚೌಕ ದೀಪ ಇಳಿಸೋಕೆ ಖಾಲಿ. ಉಳಿದ 25 ಮುಖಕ್ಕೂ ಒಂದೊಂದು ಮೊನೆ. ಚೌಕದ ಮೊನೆಗೆ ನಾಲ್ಕು ಬದಿ, ತ್ರಿಕೋನದ್ದಕ್ಕೆ ಮೂರು. 17 × 4 = 68, 8 × 3 = 24. ಕೂಡಿದರೆ 92 ಬದಿ! ಹೆದರಬೇಡಿ, ಮೂವರು ಸೇರಿದರೆ ಎರಡು ಸಂಜೆಯ ಕೆಲಸ.

ಹಾಳೆಗೆ ಮೊದಲು ಹಳೇ ಬಣ್ಣ ಬರಿಸಬೇಕು. ಒಂದು ಲೋಟ ನೀರಿಗೆ ಎರಡು ಚಮಚ ಚಹಾಪುಡಿ ಹಾಕಿ ಚೆನ್ನಾಗಿ ಕುದಿಸಿ, ಸೋಸಿ, ಆರಿಸಿ. ಹಾಲು ಸಕ್ಕರೆ ಬೇಡ, ಇರುವೆ ಮುತ್ತುತ್ತೆ. ಡ್ರಾಯಿಂಗ್ ಹಾಳೆಗೆ ಬಟ್ಟೆಯಿಂದ ಬಳಿದು ನೆರಳಲ್ಲಿ ಒಣಗಿಸಿ, ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಚಹಾದಲ್ಲಿರೋ ಟ್ಯಾನಿನ್ ಕಾಗದದ ನಾರಿಗೆ ಹತ್ತಿಕೊಂಡು ಕಂದು ಬಣ್ಣ ಕೊಡುತ್ತೆ. ನಿಜವಾಗಿ ಹಳತಾದ ಕಾಗದ ಹಳದಿಯಾಗೋ ಕಾರಣ ಬೇರೆ. ಅದರಲ್ಲಿ ಉಳಿದ ಮರದ ಲಿಗ್ನಿನ್ ಬೆಳಕಿಗೂ ಗಾಳಿಗೂ ಸಿಕ್ಕು ಬಣ್ಣ ತಿರುಗುತ್ತೆ. ನ್ಯೂಸ್‌ಪೇಪರನ್ನು ಬಿಸಿಲಲ್ಲಿ ಬಿಟ್ಟರೆ ಇದು ಬೇಗ ಕಾಣುತ್ತೆ. ಬಣ್ಣ ಎಲ್ಲೋ ಗಾಢ ಎಲ್ಲೋ ತಿಳಿ ಆದರೆ ಬೇಜಾರು ಬೇಡ, ಅದೇ ಚಂದ. ಆದರೆ ಅಳತೆಯಲ್ಲಿ ಮಾತ್ರ ಅಡ್ಡಾದಿಡ್ಡಿ ನಡೆಯೋದಿಲ್ಲ. ಒಂದು ಮೊನೆ ಅರ್ಧ ಸೆಂಟಿಮೀಟರ್ ತಪ್ಪಿದರೂ ಪಕ್ಕದ್ದು ಕೂರೋದಿಲ್ಲ.

ಮೊನೆ ಹೀಗೆ: ಕೈವಾರದಲ್ಲಿ 12 ಸೆಂ.ಮೀ. ತ್ರಿಜ್ಯದ ಕಂಸ ಎಳೆಯಿರಿ. (ಕೈವಾರ ಅಷ್ಟು ಅಗಲವಾಗದಿದ್ದರೆ ಗುಂಡುಸೂಜಿ, ದಾರ, ಪೆನ್ಸಿಲ್ ಸಾಕು.) ಕಂಸದ ಮೇಲೆ 4 ಸೆಂ.ಮೀ. ದೂರಕ್ಕೊಂದು ಗುರುತು, ಚೌಕದ ಮೊನೆಗೆ ನಾಲ್ಕು ಸಲ, ತ್ರಿಕೋನದ್ದಕ್ಕೆ ಮೂರು ಸಲ. ಗುರುತುಗಳನ್ನು ಸರಳರೇಖೆಯಿಂದ ಸೇರಿಸಿ, ಕೇಂದ್ರಕ್ಕೂ ಗೆರೆ ಎಳೆಯಿರಿ. ಒಂದು ಉದ್ದಬದಿಗೂ, ಕೆಳಗಿನ ಪ್ರತಿ ಅಂಚಿಗೂ ಅರ್ಧ ಸೆಂ.ಮೀ. ಅಂಟುಪಟ್ಟಿ ಬಿಟ್ಟು ಕತ್ತರಿಸಿ. ಮಡಿಸೋ ಮೊದಲು ರೀಫಿಲ್ ಮುಗಿದ ಪೆನ್ನಿನಿಂದ ಗೆರೆಗಳನ್ನು ಒತ್ತಿ ಎಳೆಯಿರಿ, ಮಡಿಕೆ ನೇರ ಬರುತ್ತೆ.

ಪೆಟ್ಟಿಗೆಗೆ ತೆಳು ರಟ್ಟು, ಹಳೇ ಮದುವೆ ಕಾಗದಗಳನ್ನು ಜೋಡಿಸಿದರೂ ಆದೀತು. 4 ಸೆಂ.ಮೀ.ನ ಎಂಟು ಚೌಕ ಸಾಲಾಗಿ ಬರೆಯಿರಿ. ಸಾಲಿನ ಮೇಲೆ ಒಂದು ಚೌಕ, ಒಂದು ತ್ರಿಕೋನ, ಮತ್ತೆ ಚೌಕ, ಹೀಗೆ. ಕೆಳಗೂ ಹಾಗೇ, ಮೇಲೆ ಚೌಕ ಇದ್ದಲ್ಲಿ ಕೆಳಗೂ ಚೌಕವೇ ಬರಲಿ. ಆಮೇಲೆ ಮೇಲಿನ ಒಂದು ಚೌಕದ ತುದಿಗೂ ಕೆಳಗಿನ ಒಂದರ ತುದಿಗೂ ಇನ್ನೊಂದೊಂದು ಚೌಕ. ಅಂಟುಪಟ್ಟಿ ಮರೆಯಬೇಡಿ. ಪ್ರತಿ ಮುಖದ ನಡುವೆ ಬೆಳಕಿಗೆ ಕಿಂಡಿ ಕೊರೆಯಿರಿ. ರಟ್ಟು ಚಪ್ಪಟೆಯಾಗಿ ಇರುವಾಗಲೇ ಮೊನೆಗಳನ್ನು ಅಂಟಿಸಿ, ಹಿಂದಿನಿಂದ ಕಿಂಡಿಯಲ್ಲಿ ಬೆರಳಿಟ್ಟು ಒತ್ತಿದರೆ ಗಟ್ಟಿ ಕೂರುತ್ತೆ. ಒಣಗಿದ ಮೇಲೆ ಪೆಟ್ಟಿಗೆಯನ್ನು ಕೆಳಗಿನಿಂದ ಮುಚ್ಚುತ್ತಾ ಬನ್ನಿ, ಮೇಲ್ಭಾಗ ಕೊನೆಗೆ.

ಅಂಟಿಗೆ ಮೈದಾ ಗಂಜಿ ಸಾಕು. ದೊಡ್ಡವರು ಹುಳ ಬೀಳದಿರಲೆಂದು ಅದಕ್ಕೆ ಮೈಲುತುತ್ತ ಹಾಕೋದುಂಟು. ಅದು ವಿಷ, ನಾವು ಮುಟ್ಟೋದು ಬೇಡ.

ನಮ್ಮ ಕರಾವಳಿಯವರಿಗೆ ಈ ಕೆಲಸ ಹೊಸದಲ್ಲ. ದೀಪಾವಳಿಗೆ ಬಿದಿರುಕಡ್ಡಿ, ಬಣ್ಣದ ಕಾಗದದಲ್ಲಿ ಗೂಡುದೀಪ ಮಾಡೋದು, ಕ್ರಿಸ್ಮಸ್‌ಗೆ ಗೋದಲಿಯ ಹತ್ತಿರ ನಕ್ಷತ್ರ ತೂಗೋದು, ಎರಡೂ ಒಂದೇ ಕೈಚಳಕ.

ಕಾಗದ ಉಳಿದರೆ ಬೆಂಕಿಪೊಟ್ಟಣಕ್ಕೆ ಸುತ್ತಿ, ಇಳಿಜಾರು ಮಾಡು ಹಾಕಿ ಪುಟ್ಟ ಮನೆ ಮಾಡಬಹುದು. 1920-30ರ ದಶಕಗಳಲ್ಲಿ ಜಪಾನಿನಿಂದ ಅಮೆರಿಕಕ್ಕೆ ಇಂಥ ರಟ್ಟಿನ ಮನೆಗಳು ಹೋಗುತ್ತಿದ್ದವು, ಹಿಂದೆ ಬಲ್ಬಿಗೆ ತೂತು ಇರುತ್ತಿತ್ತು. ಮಾಡಿನ ಮೇಲೆ ಅಂಟು ಸವರಿ ರವೆ ಉದುರಿಸಿದರೆ ಹಿಮ ಬಿದ್ದ ಹಾಗೇ ಕಾಣುತ್ತೆ.

ನಕ್ಷತ್ರದೊಳಗೆ ಮೇಣದಬತ್ತಿ ಮಾತ್ರ ಬೇಡವೇ ಬೇಡ. ಒಣ ಕಾಗದ, ಒಳಗೆ ಹತ್ತು ಸೆಂಟಿಮೀಟರೂ ಜಾಗವಿಲ್ಲ, ಗಾಳಿಗೆ ಒಮ್ಮೆ ವಾಲಿದರೆ ಮಾಡಿಗೇ ಬೆಂಕಿ. ಬಿಸಿಯಾಗೋ ಹಳೇ ಬಲ್ಬೂ ಬೇಡ. ಬ್ಯಾಟರಿಯ ಸಣ್ಣ ಎಲ್‌ಇಡಿ ಸರ ಇಳಿಬಿಡಿ. ಹೆರ್ನ್‌ಹುಟ್‌ನವರು ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮೊದಲೇ ತೂಗಿ ಜನವರಿ 6ರವರೆಗೆ ಇಡುತ್ತಾರೆ. ಆಮೇಲೆ ಇಳಿಸಿ ಮುಚ್ಚಳವಿರೋ ಡಬ್ಬದಲ್ಲೇ ಇಡಿ, ಮೈದಾ ಅಂಟಿನ ವಾಸನೆಗೆ ಇಲಿ ಬಂದೇ ಬರುತ್ತೆ.